ಕಾಶ್ಮೀರದ ಕಡತ ಹಿಡಿದು ಅಮೆರಿಕ ಸೇರಿದ ಮನೆತನ: ಮ್ಯಾಡೆಲಿನ್ ಆಲ್‌ಬ್ರೈಟ್ ಕುರಿತು ಒಂದು ಚರ್ಚೆ

ಕಾಳಿ ತೀರದ ಅಕ್ಕೋರು, ಕಾರವಾರ:

ಮ್ಯಾಡೆಲಿನ್ ಆಲ್‌ಬ್ರೈಟ್ 2022ರ ಮಾರ್ಚ್ 23ರಂದು ತೀರಿಕೊಂಡಾಗ ಓದಿದ ಬರಹಗಳಲ್ಲಿ ಹೆಚ್ಚಿನವು ಅವರ ಕೋಟಿನ ಮೇಲಿನ ಪಿನ್ನುಗಳನ್ನೇ ಹಿಡಿದುಕೊಂಡಿದ್ದವು. ಅಮೆರಿಕದ ಮೊದಲ ಮಹಿಳಾ ವಿದೇಶಾಂಗ ಕಾರ್ಯದರ್ಶಿ, ತನ್ನನ್ನು ಸರ್ಪವೆಂದು ಜರೆದ ಇರಾಕಿಗೆ ಹಾವಿನ ಪಿನ್ನು ಧರಿಸಿ ಉತ್ತರ ಕೊಟ್ಟವರು, ಅಷ್ಟಕ್ಕೆ ಮುಗಿಯಿತು. ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವುದು ಬೇರೆಯೇ ಸಂಗತಿ. ಆ ಮನೆತನಕ್ಕೆ ಅಮೆರಿಕದ ಬಾಗಿಲು ತೆರೆದದ್ದು ನಮ್ಮ ಕಾಶ್ಮೀರದ ಜಗಳದಿಂದ. ಅದನ್ನು ನಾವೇ ಹೇಳದಿದ್ದರೆ ಇನ್ನಾರು ಹೇಳಬೇಕು?

ಅವರು ಹುಟ್ಟಿದ್ದು 1937ರ ಮೇ 15ರಂದು, ಪ್ರಾಗ್ ನಗರದಲ್ಲಿ. ಹುಟ್ಟುಹೆಸರು ಮಾರಿಯೆ ಯಾನಾ ಕೋರ್ಬೆಲೋವಾ. ತಂದೆ ಯೋಸೆಫ್ ಕೋರ್ಬೆಲ್ ಚೆಕೊಸ್ಲೊವಾಕಿಯಾದ ವಿದೇಶಾಂಗ ಸೇವೆಯಲ್ಲಿದ್ದವರು. 1939ರ ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ಪ್ರಾಗ್ ಹೊಕ್ಕಿತು. ಆಗ ಈ ಮಗುವಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಮನೆಯವರು ಲಂಡನ್ನಿಗೆ ಓಡಿದರು. ನೆತ್ತಿಯ ಮೇಲೆ ಜರ್ಮನ್ ಬಾಂಬುಗಳು. ವಾಲ್ಟನ್ ಆನ್ ಥೇಮ್ಸ್ ಎಂಬ ಊರಿನ ಅವರ ಮನೆಯಲ್ಲಿ ಉಕ್ಕಿನ ಮೇಜೊಂದಿತ್ತು. ಸರ್ಕಾರವೇ ಮನೆಮನೆಗೆ ಹಂಚಿದ್ದ ಅಂಥ ಮೇಜಿನ ಕೆಳಗೆ, ಸೂರು ಕುಸಿದರೂ ಜೀವ ಉಳಿಯಲಿ ಎಂದು, ಸೈರನ್ ಕೂಗಿದಾಗ ಮನೆಮಂದಿಯೆಲ್ಲ ಮಲಗುತ್ತಿದ್ದರು. ಹಗಲಿನಲ್ಲಿ ಅದರ ಮೇಲೆಯೇ ಊಟ, ಆಟ.

ಯುದ್ಧ ಮುಗಿದ ಮೇಲೆ ಪ್ರಾಗ್‌ಗೆ ಮರಳಿದರು. ತಂದೆ ಯುಗೊಸ್ಲಾವಿಯಾಕ್ಕೆ ರಾಯಭಾರಿಯಾದರು. ಬೆಲ್‌ಗ್ರೇಡ್ ವಿಮಾನ ನಿಲ್ದಾಣದಲ್ಲಿ ಚೆಕ್ ಸಾಂಪ್ರದಾಯಿಕ ಉಡುಪು ತೊಟ್ಟು, ಬಂದಿಳಿದ ಅತಿಥಿಗಳಿಗೆ ಹೂಗುಚ್ಛ ಕೊಡುವುದು ಈ ಹುಡುಗಿಯ ಕೆಲಸವಾಗಿತ್ತು. 1948ರ ಫೆಬ್ರವರಿಯಲ್ಲಿ ಪ್ರಾಗ್‌ನಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದರು. ಕೋರ್ಬೆಲ್ ಇನ್ನು ಅಲ್ಲಿ ಉಳಿಯುವಂತಿರಲಿಲ್ಲ.

ಇಲ್ಲಿ ನಮ್ಮ ಕಥೆ ಬಂದು ಸೇರುತ್ತದೆ. ಅದೇ ವರ್ಷದ ಜನವರಿ 20ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಕಾಶ್ಮೀರಕ್ಕಾಗಿ ಒಂದು ಆಯೋಗ ರಚಿಸಿತ್ತು. ಅದರಲ್ಲಿ ಭಾರತ ತನ್ನ ಕಡೆಯಿಂದ ಆರಿಸಿದ ದೇಶ ಚೆಕೊಸ್ಲೊವಾಕಿಯಾ, ಪಾಕಿಸ್ತಾನ ಆರಿಸಿದ್ದು ಅರ್ಜೆಂಟೀನಾ. ಚೆಕ್ ಪ್ರತಿನಿಧಿಯಾಗಿ ಬಂದವರು ಕೋರ್ಬೆಲ್. 1948ರ ಜುಲೈನಲ್ಲಿ ಆಯೋಗ ಉಪಖಂಡಕ್ಕೆ ಬಂದು ಕರಾಚಿ, ದೆಹಲಿ, ಶ್ರೀನಗರಗಳಲ್ಲಿ ಮಾತುಕತೆ ನಡೆಸಿತು. ಕದನವಿರಾಮ, ಸೇನೆ ಹಿಂತೆಗೆತ, ಜನಮತ ಎಂಬ ಮೂರು ಹಂತಗಳ ಆಗಸ್ಟ್ 13ರ ಪ್ರಸಿದ್ಧ ನಿರ್ಣಯ ಅವರ ಕಾಲದ್ದೇ. ಆ ಹುದ್ದೆಯ ಬಲದಿಂದಲೇ ಹೆಂಡತಿ ಮಕ್ಕಳು 1948ರ ನವೆಂಬರ್ 11ರಂದು ಹಡಗಿನಲ್ಲಿ ನ್ಯೂಯಾರ್ಕ್ ಸೇರಿದರು. ತಂದೆ ಆಮೇಲೆ ಬಂದು ಕೂಡಿಕೊಂಡರು. 1949ರಲ್ಲಿ ರಾಜಕೀಯ ಆಶ್ರಯ ಸಿಕ್ಕಿತು. ಕೋರ್ಬೆಲ್ ಡೆನ್ವರ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಹೋದರು, ಕಾಶ್ಮೀರದ ಬಗ್ಗೆ 1954ರಲ್ಲಿ ಒಂದು ಗ್ರಂಥ ಬರೆದರು.

ಹನ್ನೊಂದು ವರ್ಷದ ಆ ಹುಡುಗಿ 1997ರಲ್ಲಿ ಅದೇ ದೇಶದ ವಿದೇಶಾಂಗ ಕಾರ್ಯದರ್ಶಿ. ಎರಡು ಸಲ ಊರು ಬಿಟ್ಟ ಮನೆಯ ಮಗಳಿಗೆ ಒಂದು ದೇಶ ತನ್ನ ಪರವಾಗಿ ಮಾತನಾಡುವ ಅಧಿಕಾರವನ್ನೇ ಕೊಟ್ಟಿತು. ತಲೆಯ ಮೇಲೊಂದು ಸೂರು ಕೊಡುವುದಕ್ಕಿಂತ ಇದು ಬಹಳ ದೊಡ್ಡದು ಎಂದು ನಾನು ನಂಬುತ್ತೇನೆ. ನಮ್ಮ ಜಿಲ್ಲೆಯೂ ಊರು ಬಿಟ್ಟವರ ಜಿಲ್ಲೆ. ನೌಕಾನೆಲೆಗೆ ಜಾಗ ಬಿಟ್ಟವರು, ಮುಂಡಗೋಡದ ಟಿಬೆಟನ್ನರು, ಗೋವೆಯಿಂದ ಇಳಿದು ಬಂದವರು, ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು, ಎಲ್ಲರೂ ಇಲ್ಲಿದ್ದಾರೆ. ಅದಕ್ಕೇ ಈ ವಿಷಯ ಇಲ್ಲಿ ಇಡುತ್ತಿದ್ದೇನೆ.

ಶಿರಸಿ ಓದುಗ, ಶಿರಸಿ:

ಅಕ್ಕೋರೇ, ನಾನು ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿರುವವನು. ಕಾಶ್ಮೀರ ಆಯೋಗದ ನಿರ್ಣಯವನ್ನು ಬಾಯಿಪಾಠ ಮಾಡಿದ್ದೇನೆ, ಅದರ ಹಿಂದಿನ ಮನುಷ್ಯನ ಮನೆಯ ಕಥೆ ಈಗ ತಿಳಿಯಿತು. ತಂದೆಯೇ ರಾಯಭಾರಿ ಎಂದ ಮೇಲೆ ಮಗಳಿಗೆ ದಾರಿ ಸಲೀಸಾಗಿರಲಿಲ್ಲವೇ? ಸಾಮಾನ್ಯ ನಿರಾಶ್ರಿತರ ಮಕ್ಕಳೊಂದಿಗೆ ಅವರನ್ನು ಸೇರಿಸುವುದು ಸರಿಯೇ? ಆಶ್ರಯ ಸಿಕ್ಕ ದಿನದಿಂದ ಆ ಕುರ್ಚಿಯವರೆಗಿನ ದಾರಿಯನ್ನೂ ತಿಳಿಸಿ.

ಕಾಳಿ ತೀರದ ಅಕ್ಕೋರು, ಕಾರವಾರ:

ಒಳ್ಳೆಯ ಪ್ರಶ್ನೆ ತಮ್ಮಾ. ಓದಿದ ಮನೆ, ನಾಲ್ಕೈದು ಭಾಷೆಗಳ ಮನೆ ಎಂಬುದು ನಿಜ. ಆ ಬಂಡವಾಳ ಸಣ್ಣದಲ್ಲ. ಆದರೆ ತಂದೆಯ ಹುದ್ದೆ ಪ್ರಾಗ್‌ನಲ್ಲೇ ಕಳೆದುಹೋಗಿತ್ತು. ಡೆನ್ವರ್‌ನಲ್ಲಿ ಅವರು ಹೊಸದಾಗಿ ಬಂದ ಒಬ್ಬ ಪರದೇಶಿ ಅಧ್ಯಾಪಕ, ಅಷ್ಟೆ.

ಮಗಳಿಗೆ ಅಮೆರಿಕದ ಪೌರತ್ವ ಸಿಕ್ಕಿದ್ದು 1957ರಲ್ಲಿ. ವೆಲ್ಲೆಸ್ಲಿ ಮಹಿಳಾ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದಿ 1959ರಲ್ಲಿ ಪದವಿ ಪಡೆದರು, ಅದೇ ವರ್ಷ ಪತ್ರಕರ್ತ ಜೋಸೆಫ್ ಆಲ್‌ಬ್ರೈಟ್ ಅವರನ್ನು ಮದುವೆಯಾದರು. 1961ರಲ್ಲಿ ಅವಳಿ ಹೆಣ್ಣುಮಕ್ಕಳು ದಿನ ತುಂಬುವ ಮೊದಲೇ ಹುಟ್ಟಿದರು. ಮಕ್ಕಳು ಆಸ್ಪತ್ರೆಯ ಇನ್‌ಕ್ಯುಬೇಟರ್‌ನಲ್ಲಿ, ತಾಯಿ ಎತ್ತಿಕೊಳ್ಳುವಂತಿಲ್ಲ. ಆ ದಿನಗಳಲ್ಲಿ ಈಕೆ ರಷ್ಯನ್ ಭಾಷೆಯ ತರಗತಿಗೆ ಸೇರಿಕೊಂಡರು. ಬಾಣಂತಿಯ ಎದೆಯ ಕಳವಳವನ್ನು ರಷ್ಯನ್ ಕ್ರಿಯಾಪದಗಳ ಮೇಲೆ ಹೇರಿದ ಹೆಣ್ಣು. ಈ ಒಂದು ಸಂಗತಿ ನನಗೆ ಅವರ ಎಲ್ಲ ಹುದ್ದೆಗಳಿಗಿಂತ ಹೆಚ್ಚು ಹೇಳುತ್ತದೆ.

ಆಮೇಲೆ ಮೂರನೆಯ ಮಗಳು, ಗಂಡನ ಕೆಲಸಕ್ಕಾಗಿ ಊರಿಂದೂರಿಗೆ ವರ್ಗ, ಬೆಳಗಿನ ಜಾವ ಎದ್ದು ಪ್ರಬಂಧ ಬರೆಯುವುದು. ಕೊಲಂಬಿಯಾ ವಿಶ್ವವಿದ್ಯಾಲಯ ಪಿಎಚ್‌.ಡಿ. ಕೊಟ್ಟದ್ದು 1976ರಲ್ಲಿ. ವಿಷಯ 1968ರ ‘ಪ್ರಾಗ್ ವಸಂತ’ ಎಂಬ ಚೆಕೊಸ್ಲೊವಾಕಿಯಾದ ಸುಧಾರಣೆಯ ಕಾಲದ ಪತ್ರಿಕೆಗಳು. ಅದೇ ವರ್ಷ ಸೆನೆಟರ್ ಎಡ್ಮಂಡ್ ಮಸ್ಕಿ ಅವರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಾಗ ವಯಸ್ಸು 39. ನಮ್ಮಲ್ಲಿ ಆ ವಯಸ್ಸಿನ ಹೆಂಗಸಿಗೆ ಇನ್ನೇನು ಕೆಲಸ ಎಂದು ಕೇಳುವವರೇ ಹೆಚ್ಚು. 1978ರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಮಂಡಳಿಗೆ ಕರೆದುಕೊಂಡವರು ಅವರ ಹಳೆಯ ಗುರು, ಆಗ ಅಧ್ಯಕ್ಷ ಕಾರ್ಟರ್ ಅವರ ಭದ್ರತಾ ಸಲಹೆಗಾರರಾಗಿದ್ದ ಬ್ರೆಜಿನ್‌ಸ್ಕಿ. ಅವರೂ ಹೊರಗಿನಿಂದ ಬಂದವರೇ, ವಾರ್ಸಾದಲ್ಲಿ ಹುಟ್ಟಿದವರು. ವಿಚ್ಛೇದನದ ನೋವಿನ ಕಾಲದಲ್ಲೇ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳತೊಡಗಿದರು. 1993ರಲ್ಲಿ ಕ್ಲಿಂಟನ್ ಅವರನ್ನು ವಿಶ್ವಸಂಸ್ಥೆಗೆ ರಾಯಭಾರಿಯಾಗಿ ಕಳಿಸಿದರು. ಹದಿನೈದು ದೇಶಗಳ ಭದ್ರತಾ ಮಂಡಳಿಯಲ್ಲಿ ಆಗ ಅವರೊಬ್ಬರೇ ಹೆಂಗಸು. 1997ರ ಜನವರಿಯಲ್ಲಿ ಸೆನೆಟ್ 99 ಮತಗಳಿಂದ, ಒಂದೂ ವಿರೋಧವಿಲ್ಲದೆ, ವಿದೇಶಾಂಗ ಕಾರ್ಯದರ್ಶಿಯಾಗಿ ಒಪ್ಪಿತು.

ನೀನು ಪರೀಕ್ಷೆಗೆ ಓದುವವನಾದ್ದರಿಂದ ಇದನ್ನೂ ಗಮನಿಸು. ಅಮೆರಿಕದ ಅಧ್ಯಕ್ಷ ಪದವಿ ತೆರವಾದರೆ ಏರಬೇಕಾದವರ ಸಾಲಿನಲ್ಲಿ ವಿದೇಶಾಂಗ ಕಾರ್ಯದರ್ಶಿಯದು ನಾಲ್ಕನೆಯ ಸ್ಥಾನ. ಆಲ್‌ಬ್ರೈಟ್ ಆ ಸಾಲಿನಲ್ಲಿ ಇರಲಿಲ್ಲ. ಹುಟ್ಟಿನಿಂದ ಅಮೆರಿಕನ್ನರಲ್ಲದವರು ಅಧ್ಯಕ್ಷರಾಗುವಂತಿಲ್ಲ. 1938ರಲ್ಲಿ ಜರ್ಮನಿಯಿಂದ ಓಡಿಬಂದ ಯಹೂದಿ ಹುಡುಗ, ಆಲ್‌ಬ್ರೈಟ್‌ಗಿಂತ ಮೊದಲೇ ಇದೇ ಹುದ್ದೆ ಏರಿದ್ದ ಕಿಸಿಂಜರ್ ಅವರಿಗೂ ಅದೇ ಕಟ್ಟಳೆ. ಎಷ್ಟು ಒಳಗೆ ಕರೆದರೂ ಒಂದು ಬಾಗಿಲು ಮುಚ್ಚಿಯೇ ಇರುತ್ತದೆ.

ಭಟ್ಕಳದಿಂದ ದುಬೈಗೆ:

ಅಕ್ಕೋರು ಬಹಳ ಅಕ್ಕರೆಯಿಂದ ಬರೆದಿದ್ದೀರಿ. ಆದರೆ ನನ್ನ ಎದೆ ಈ ಹೆಸರಿಗೆ ಕರಗುವುದಿಲ್ಲ.

1996ರ ಮೇ 12ರಂದು ಅಮೆರಿಕದ ಟಿವಿ ಸಂದರ್ಶನದಲ್ಲಿ ಅವರಿಗೆ ಒಂದು ಪ್ರಶ್ನೆ ಬಂತು. ಇರಾಕ್ ಮೇಲಿನ ದಿಗ್ಬಂಧನದಿಂದ ಐದು ಲಕ್ಷ ಮಕ್ಕಳು ಸತ್ತಿದ್ದಾರೆ ಎನ್ನುತ್ತಾರೆ, ಆ ಬೆಲೆ ತೆತ್ತದ್ದು ತಕ್ಕದ್ದೇ ಎಂದು. ಕಠಿಣ ಆಯ್ಕೆ, ಆದರೂ ತಕ್ಕದ್ದೇ ಎಂಬ ಅರ್ಥದ ಉತ್ತರ ಕೊಟ್ಟರು. ಐದು ಲಕ್ಷದ ಲೆಕ್ಕ ಆಮೇಲೆ ಪ್ರಶ್ನೆಗೆ ಒಳಗಾಯಿತು ಎಂಬುದು ನನಗೆ ಗೊತ್ತು. ಆ ಉತ್ತರಕ್ಕೆ ಅವರೇ ತಮ್ಮ ಆತ್ಮಕಥೆಯಲ್ಲಿ ವಿಷಾದ ಸೂಚಿಸಿದ್ದೂ ಗೊತ್ತು. ಆದರೆ ಪ್ರಶ್ನೆ ಕೇಳಿದ ಗಳಿಗೆಯಲ್ಲಿ ಅವರು ಆ ಲೆಕ್ಕವನ್ನು ಅಲ್ಲಗಳೆಯಲಿಲ್ಲ, ಒಪ್ಪಿಕೊಂಡೇ ಉತ್ತರಿಸಿದರು. ಉಕ್ಕಿನ ಮೇಜಿನ ಕೆಳಗೆ ಮಲಗಿ ಬದುಕಿ ಉಳಿದ ಮಗು ಬೆಳೆದು ಈ ಮಾತು ಆಡಬಹುದೇ?

ಇದಕ್ಕೆ ಎದುರಾಗಿ ಇನ್ನೊಬ್ಬ ನಿರಾಶ್ರಿತನನ್ನು ಇಡುತ್ತೇನೆ. ಇಂದ್ರಕುಮಾರ್ ಗುಜ್ರಾಲ್. ಹುಟ್ಟಿದ್ದು 1919ರಲ್ಲಿ ಝೇಲಂನಲ್ಲಿ, ವಿಭಜನೆಯಾದಾಗ ಎಲ್ಲ ಬಿಟ್ಟು ದೆಹಲಿಗೆ ಬಂದವರು. 1976ರಿಂದ 1980ರವರೆಗೆ ಮಾಸ್ಕೋದಲ್ಲಿ ನಮ್ಮ ರಾಯಭಾರಿ. 1990ರ ಆಗಸ್ಟ್‌ನಲ್ಲಿ ಸದ್ದಾಂ ಹುಸೇನ್ ಕುವೈತನ್ನು ನುಂಗಿದಾಗ ನಮ್ಮ ವಿದೇಶಾಂಗ ಸಚಿವರು. ಅವರು ನೇರವಾಗಿ ಬಾಗ್ದಾದಿಗೆ ಹೋದರು, ಸದ್ದಾಂ ಅವರನ್ನು ಅಪ್ಪಿಕೊಂಡ. ಆ ಚಿತ್ರಕ್ಕೆ ಜಗತ್ತೆಲ್ಲ ಉಗಿಯಿತು. ಆದರೆ ಅಮ್ಮಾನ್ ಮೂಲಕ ಏರ್ ಇಂಡಿಯಾ ವಿಮಾನಗಳಲ್ಲಿ ಲಕ್ಷಕ್ಕೂ ಹೆಚ್ಚು ಭಾರತೀಯರು ಮನೆ ಸೇರಿದರು. ನನ್ನ ಸೋದರಮಾವ ಅವರಲ್ಲಿ ಒಬ್ಬರು. ಕುವೈತಿನಿಂದ ಬಾಗ್ದಾದ್, ಅಲ್ಲಿಂದ ಜೋರ್ಡಾನ್ ಗಡಿಯವರೆಗೆ ಬಸ್ಸು, ಮರುಭೂಮಿಯ ಡೇರೆಯಲ್ಲಿ ನೀರಿಗಾಗಿ ಸರದಿ. ಊರಿಗೆ ಬಂದಾಗ ಕೈಯಲ್ಲಿದ್ದದ್ದು ಪಾಸ್‌ಪೋರ್ಟ್ ಮತ್ತು ಒಂದು ಚೀಲ ಮಾತ್ರ. ಭಟ್ಕಳ, ಶಿರೂರು, ಮುರುಡೇಶ್ವರದ ಕಡೆ ಇಂಥ ಎಷ್ಟೋ ಮನೆಗಳಿವೆ. ಗುಜ್ರಾಲರ ಆ ಅಪ್ಪುಗೆಯನ್ನು ನಾವು ಬೇರೆ ಕಣ್ಣಿನಿಂದ ನೋಡುತ್ತೇವೆ.

ಊರು ಬಿಟ್ಟ ನೋವು ಇದ್ದವರೆಲ್ಲ ದಯೆ ಉಳ್ಳವರಾಗುತ್ತಾರೆ ಎಂದು ನಂಬಲು ನನ್ನಿಂದ ಆಗದು.

ಅರ್ಗಾದವರ ಮಗಳು, ತೋಡೂರು:

ನಮ್ಮದು ಕಾರವಾರದ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಊರು ಬಿಟ್ಟ ಮನೆ. 1986ರಲ್ಲಿ ಯೋಜನೆಗೆ ಅಡಿಗಲ್ಲು, 2005ರಲ್ಲಿ ಕದಂಬ ನೌಕಾನೆಲೆಯ ಉದ್ಘಾಟನೆ. ನಡುವಿನ ವರ್ಷಗಳಲ್ಲಿ ನಾವು ಬೆಳೆದೆವು. ನಾನು ಹುಟ್ಟಿದ ಮನೆಯ ಜಾಗ ಹೆದ್ದಾರಿಯಿಂದ ಬೇಲಿಯ ಆಚೆ ಅಂದಾಜಿಗೆ ಸಿಗುತ್ತದೆ. ದೇಶಕ್ಕಾಗಿ ಕೊಟ್ಟೆವು ಎಂಬ ಹೆಮ್ಮೆ ಅಪ್ಪನಿಗೆ ಕೊನೆಯವರೆಗೂ ಇತ್ತು.

ಆಲ್‌ಬ್ರೈಟ್ ಬದುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹುದ್ದೆಯೇ. ಪರಿಹಾರದ ಸಭೆಗಳಿಗೆ ಅಪ್ಪನ ಕೈ ಹಿಡಿದು ಹೋಗುತ್ತಿದ್ದೆ. ಮೇಜಿನ ಆಚೆ ಕೂತವರಲ್ಲಿ ಒಬ್ಬರಾದರೂ ಸ್ವತಃ ಮನೆ ಖಾಲಿ ಮಾಡಿದವರು ಇರಲಿಲ್ಲ. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಬಲೆ ಒಣಗಿಸುವ ಅಂಗಳ, ದೋಣಿ ಎಳೆದು ನಿಲ್ಲಿಸುವ ದಂಡೆ, ಮೀನು ಉಪ್ಪು ಹಾಕುವ ಜಾಗ, ಇವಕ್ಕೆ ಅರ್ಜಿಯ ನಮೂನೆಯಲ್ಲಿ ಅಂಕಣವೇ ಇರಲಿಲ್ಲ. ಸರ್ವೆ ನಂಬರು ಇದ್ದದ್ದು ಮಾತ್ರ ಆಸ್ತಿ. ಸಮುದ್ರಕ್ಕೆ ಸರ್ವೆ ನಂಬರು ಎಲ್ಲಿಂದ ಬರಬೇಕು? ಆ ಕಷ್ಟ ಉಂಡ ಒಬ್ಬರು ಆಚೆ ಬದಿಗೆ ಕೂತಿದ್ದರೆ ಆ ಪ್ರಶ್ನೆಯನ್ನಾದರೂ ಕೇಳುತ್ತಿದ್ದರು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಭಟ್ಕಳದ ಅಣ್ಣ ಹೇಳಿದ್ದನ್ನು ಓದಿ ಸಂಕಟವಾಯಿತು. ಆದರೂ ನಮ್ಮಂಥವರು ಆ ಮೇಜಿನ ಬಳಿ ಬೇಡ ಎಂಬ ತೀರ್ಮಾನಕ್ಕೆ ಅದು ಒಯ್ಯಬಾರದು.

ಮುಂಡಗೋಡ ಮಾಸ್ತರು:

ಹೊರಗಿನಿಂದ ಬಂದವರ ಮಕ್ಕಳು ಎಂದಾಗ ನನ್ನ ಕಣ್ಣ ಮುಂದೆ ಬರುವುದು ಇಲ್ಲಿನ ಕ್ಯಾಂಪಿನ ಮಕ್ಕಳು. 1966ರಲ್ಲಿ ಟಿಬೆಟನ್ನರಿಗೆ ಮುಂಡಗೋಡದ ಕಾಡಂಚಿನಲ್ಲಿ ಜಮೀನು ಕೊಟ್ಟು ವಸತಿ ಶುರುವಾಯಿತು. ಕಾಡು ಕಡಿದು ಗೋವಿನಜೋಳ ಬೆಳೆದರು, ಗಂದೆನ್, ಡ್ರೆಪುಂಗ್ ಮಠಗಳನ್ನು ಮತ್ತೆ ಕಟ್ಟಿದರು. ಚಳಿಗಾಲದಲ್ಲಿ ಎಷ್ಟೋ ತಂದೆತಾಯಿಯರು ಸ್ವೆಟರ್ ಮಾರಲು ದೂರದ ಪಟ್ಟಣಗಳಿಗೆ ಹೋಗುತ್ತಾರೆ, ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಮನೆಯಲ್ಲಿ ಟಿಬೆಟನ್, ಪೇಟೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್, ಸಿನಿಮಾದಲ್ಲಿ ಹಿಂದಿ. ಅವರ ಕೈಯಲ್ಲಿರುವುದು ನೋಂದಣಿ ಪ್ರಮಾಣಪತ್ರ, ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು.

ಇವರಿಗೆ ಹೇಳಲು ಆಲ್‌ಬ್ರೈಟ್‌ಗಿಂತ ಹತ್ತಿರದ ಹೆಸರೊಂದು ನನ್ನಲ್ಲಿದೆ: ಲೋಡಿ ಗ್ಯಾರಿ. 1949ರಲ್ಲಿ ಪೂರ್ವ ಟಿಬೆಟಿನ ನ್ಯಾರೊಂಗ್‌ನಲ್ಲಿ ಹುಟ್ಟಿದವರು, ಬಾಲ್ಯದಲ್ಲೇ ಮನೆಯವರೊಂದಿಗೆ ಭಾರತಕ್ಕೆ ತಪ್ಪಿಸಿಕೊಂಡು ಬಂದರು. ಪತ್ರಿಕೆ ನಡೆಸಿದರು, ಟಿಬೆಟನ್ ಯೂತ್ ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬರು. ಆಮೇಲೆ ವಾಷಿಂಗ್ಟನ್‌ನಲ್ಲಿ ದಲಾಯಿ ಲಾಮಾ ಅವರ ವಿಶೇಷ ಪ್ರತಿನಿಧಿಯಾದರು. 2002ರಿಂದ 2010ರವರೆಗೆ ಚೀನಾದೊಂದಿಗೆ ಒಂಬತ್ತು ಸುತ್ತಿನ ಮಾತುಕತೆಗೆ ಟಿಬೆಟನ್ನರ ಮುಂದಾಳು ಅವರೇ. ಯಾವ ದೇಶವೂ ಮಾನ್ಯ ಮಾಡದ ಸರ್ಕಾರ, ಸೈನ್ಯವಿಲ್ಲ, ಗಡಿಯಿಲ್ಲ, ಭದ್ರತಾ ಮಂಡಳಿಯಲ್ಲಿ ವೀಟೊ ಇಲ್ಲ. ಆದರೂ ಬೀಜಿಂಗ್‌ನಲ್ಲಿ ಕೂತು ಮಾತನಾಡಿದರು. ಫಲ ಸಿಗಲಿಲ್ಲ. 2012ರಲ್ಲಿ ಹುದ್ದೆ ಬಿಟ್ಟರು, 2018ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡರು. ಹುಟ್ಟಿದ ನಾಡನ್ನು ಸೇರಲಾಗಲಿಲ್ಲ.

ಆಲ್‌ಬ್ರೈಟ್ ಬೆನ್ನಿಗೆ ಜಗತ್ತಿನ ಅತಿ ಬಲಿಷ್ಠ ಸೈನ್ಯ ಇತ್ತು. ಗ್ಯಾರಿ ಬಳಿ ಇದ್ದದ್ದು ತಾಳ್ಮೆ ಒಂದೇ. ನನ್ನನ್ನು ಕೇಳಿದರೆ ಎರಡನೆಯವರ ಕೆಲಸವೇ ಕಷ್ಟದ್ದು, ಗೌರವವೂ ಅಲ್ಲಿಗೇ ಹೆಚ್ಚು ಸಲ್ಲಬೇಕು.

ಶಿರಸಿ ಓದುಗ, ಶಿರಸಿ:

ಮಾಸ್ತರರೇ, ನೀವು ಹೇಳಿದ್ದಕ್ಕೆ ಹೊಂದುವ ನಿಯಮವೊಂದು ನಮ್ಮ ಪರೀಕ್ಷೆಯ ಅಧಿಸೂಚನೆಯಲ್ಲೇ ಇದೆ. ಐಎಎಸ್, ಐಪಿಎಸ್‌ಗೆ ಭಾರತದ ಪ್ರಜೆಯೇ ಆಗಿರಬೇಕು. ಉಳಿದ ಕೆಲವು ಸೇವೆಗಳಿಗೆ ನೇಪಾಳ, ಭೂತಾನದ ಪ್ರಜೆಗಳು, 1962ರ ಜನವರಿ 1ಕ್ಕೆ ಮೊದಲು ಇಲ್ಲಿಯೇ ನೆಲೆಸುವ ಉದ್ದೇಶದಿಂದ ಬಂದ ಟಿಬೆಟನ್ ನಿರಾಶ್ರಿತರು, ಪಾಕಿಸ್ತಾನ, ಬರ್ಮಾ, ಶ್ರೀಲಂಕಾ, ಪೂರ್ವ ಆಫ್ರಿಕಾದಂಥ ಕಡೆಯಿಂದ ಮರಳಿದ ಭಾರತೀಯ ಮೂಲದವರು ಅರ್ಹತಾ ಪತ್ರದೊಂದಿಗೆ ಬರೆಯಬಹುದು. ಆದರೆ ನೇಪಾಳ, ಭೂತಾನ, ಟಿಬೆಟ್‌ನವರಿಗೆ ವಿದೇಶಾಂಗ ಸೇವೆ ಇಲ್ಲ ಎಂದು ಬೇರೆಯಾಗಿ ಹೇಳಿದ್ದಾರೆ. ದೇಶದ ಪರವಾಗಿ ಹೊರಗೆ ಮಾತನಾಡುವ ಕೆಲಸವನ್ನು ಸರ್ಕಾರಗಳು ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತವೆ ಎಂಬುದು ಇದರಲ್ಲೇ ಕಾಣುತ್ತದೆ.

ಹಾಗಿದ್ದರೆ ಕ್ಯಾಂಪಿನಲ್ಲೇ ಹುಟ್ಟಿದವರ ಗತಿ ಏನು?

ಮುಂಡಗೋಡ ಮಾಸ್ತರು:

1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎಂದು ಪೌರತ್ವ ಕಾಯ್ದೆ ಹೇಳುತ್ತದೆ. ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ತೀರ್ಪು ಕೊಟ್ಟವು. ಆಮೇಲೆ ಹುಟ್ಟಿದ ಮಕ್ಕಳಿಗೆ ತಂದೆ ಅಥವಾ ತಾಯಿಯ ಪೌರತ್ವ ಮುಖ್ಯವಾಗುತ್ತದೆ. ಕೆಲವರು ಪಾಸ್‌ಪೋರ್ಟ್ ಮಾಡಿಸಿಕೊಂಡರು. ಕೆಲವರು ಬೇಡವೆಂದರು, ನಿರಾಶ್ರಿತರಾಗಿ ಉಳಿಯುವುದೇ ತಮ್ಮ ನಾಡಿನ ಮೇಲಿನ ಹಕ್ಕಿನ ಗುರುತು ಎಂದು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಎದುರು ತನ್ನ ಅಜ್ಜನೊಂದಿಗೆ ಇದೇ ವಾದ ಮಾಡಿದಳು. ಅಜ್ಜ ಕನ್ನಡದಲ್ಲಿ, ನನಗೂ ತಿಳಿಯಲಿ ಎಂದು, ‘ನೀನು ತೆಗೆದುಕೋ, ನಾನು ತೆಗೆದುಕೊಳ್ಳುವುದಿಲ್ಲ’ ಎಂದರು.

ಹಳೆ ಬಂದರು, ಹೊನ್ನಾವರ:

ಎಲ್ಲರೂ ಇಪ್ಪತ್ತನೆಯ ಶತಮಾನದಲ್ಲೇ ನಿಂತಿದ್ದೀರಿ. ನಮ್ಮ ಕರಾವಳಿಗೆ ಪರದೇಶಿ ರಾಯಭಾರಿಗಳು ಹೊಸಬರಲ್ಲ.

ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ 1498ರಲ್ಲಿ ವಾಸ್ಕೋ ಡ ಗಾಮ ಹಡಗುಗಳನ್ನು ರಿಪೇರಿ ಮಾಡಿಸುತ್ತಿದ್ದಾಗ ಒಬ್ಬ ಮನುಷ್ಯ ಬಂದು ವೆನಿಸ್‌ನ ಭಾಷೆಯಲ್ಲಿ ಮಾತನಾಡಿಸಿದ. ಗೋವೆಯ ಒಡೆಯನ ಸೇವೆಯಲ್ಲಿದ್ದ ಯಹೂದಿ ಆತ. ಅನುಮಾನಗೊಂಡ ಪೋರ್ಚುಗೀಸರು ಹೊಡೆದು ಬಾಯಿ ಬಿಡಿಸಿದರು, ಲಿಸ್ಬನ್ನಿಗೆ ಎಳೆದೊಯ್ದರು, ದೀಕ್ಷೆ ಕೊಟ್ಟು ಗಾಸ್ಪರ್ ಡ ಗಾಮ ಎಂದು ಹೆಸರಿಟ್ಟರು. 1500ರಲ್ಲಿ ಕಬ್ರಾಲ್‌ನ ಹಡಗುಪಡೆ ಬ್ರೆಜಿಲ್ ಮುಟ್ಟಿ ಕಲ್ಲಿಕೋಟೆಗೆ ಬಂದಾಗ ದುಭಾಷಿಯಾಗಿ ಅದರಲ್ಲಿ ಈತನಿದ್ದ. ಹೊಡೆದವರ ಪರವಾಗಿಯೇ ಅರಸರೊಂದಿಗೆ ಮಾತುಕತೆಗೆ ನಿಂತ ಮನುಷ್ಯ. ಅವನಿಗೆ ಆಯ್ಕೆ ಎಷ್ಟಿತ್ತು ಎಂದು ನಾನು ಬಹಳ ಯೋಚಿಸಿದ್ದೇನೆ.

ಇನ್ನೊಂದು 1623ರದ್ದು. ಗೋವೆಯಿಂದ ಪೋರ್ಚುಗೀಸ್ ರಾಯಭಾರಿ ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿ ಹೊರಟಾಗ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ ಜೊತೆಗೂಡಿದ. ಹೊನ್ನಾವರಕ್ಕೆ ಬಂದು, ಶರಾವತಿಯಲ್ಲಿ ದೋಣಿ ಹತ್ತಿ ಗೇರುಸೊಪ್ಪೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿ. ನಾಯಕನ ಕಡೆಯ ರಾಯಭಾರಿಯಾಗಿ ಅವರ ಜೊತೆ ಇದ್ದವನು ವಿಠ್ಠಲ ಶೆಣೈ ಎಂಬ ಬ್ರಾಹ್ಮಣ. ಕನ್ನಡದ ಅರಸನ ಮಾತನ್ನು ಗೋವೆಗೆ ಮುಟ್ಟಿಸಲು ಎರಡೂ ದಂಡೆಯ ರೀತಿನೀತಿ ಬಲ್ಲವನು ಬೇಕಿತ್ತು. ಮೆಣಸಿನ ಬೆಲೆ, ಬಾಕಿ ಹಣ, ಕೋಟೆಗಳ ತಕರಾರು, ಇವನ್ನೆಲ್ಲ ಬಿಡಿಸಿದವರು ಇಂಥವರೇ. ಗಡಿಯ ಜನ ರಾಯಭಾರಕ್ಕೆ ಒದಗಿಬಂದದ್ದು ಅಮೆರಿಕದಲ್ಲಿ ಮೊದಲಲ್ಲ.

ಭಟ್ಕಳದಿಂದ ದುಬೈಗೆ:

ಗಾಸ್ಪರ್‌ಗೆ ಆಯ್ಕೆ ಇರಲಿಲ್ಲ, ಆಲ್‌ಬ್ರೈಟ್‌ಗೆ ಇತ್ತು. ಮಂಡಳಿಯಲ್ಲಿ ಅವರ ಕೈ ಎಷ್ಟು ಬಲವಾಗಿತ್ತೆಂದರೆ, 1996ರ ನವೆಂಬರ್‌ನಲ್ಲಿ ಬುಟ್ರೋಸ್ ಘಾಲಿ ಎರಡನೆಯ ಬಾರಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗುವುದನ್ನು 14 ದೇಶಗಳ ಒಪ್ಪಿಗೆಯ ವಿರುದ್ಧ ಒಂದೇ ವೀಟೊದಿಂದ ತಡೆದರು. ರುವಾಂಡಾದ ವಿಷಯದಲ್ಲಿ ಆ ಬಲ ಎಲ್ಲಿ ಹೋಗಿತ್ತು? 1994ರ ಏಪ್ರಿಲ್ 21ರಂದು, ಟುಟ್ಸಿ ಜನರ ಸಾಮೂಹಿಕ ಕೊಲೆಗಳು ನಡೆಯುತ್ತಿರುವಾಗಲೇ, ಅಲ್ಲಿನ ಶಾಂತಿಪಡೆಯನ್ನು 270ಕ್ಕೆ ಇಳಿಸುವ ನಿರ್ಣಯಕ್ಕೆ ಅವರ ಕೈಯೂ ಎದ್ದಿತ್ತು.

ಕಾಳಿ ತೀರದ ಅಕ್ಕೋರು, ಕಾರವಾರ:

ಸಾಹೇಬರೇ, ನಿಮ್ಮ ಮಾತನ್ನು ತಳ್ಳಿಹಾಕುವ ಮನಸ್ಸು ನನಗಿಲ್ಲ. ರುವಾಂಡಾ ತನ್ನ ಸಾರ್ವಜನಿಕ ಬದುಕಿನ ಅತ್ಯಂತ ದೊಡ್ಡ ವಿಷಾದ ಎಂದು ಅವರೇ ಹೇಳಿಕೊಂಡರು. ವಾಷಿಂಗ್ಟನ್ನಿನ ಸೂಚನೆಯಂತೆ ಮತ ಹಾಕಿದರು. ರಾಯಭಾರಿಯ ಹುದ್ದೆಯ ಅತಿ ಕಠಿಣ ಭಾಗ ಇದೇ. ಸ್ವಂತ ನೆನಪು ಒಂದು ಹೇಳುತ್ತದೆ, ಮೇಲಿನಿಂದ ಬಂದ ತಂತಿ ಇನ್ನೊಂದು ಹೇಳುತ್ತದೆ, ಕೈ ಎತ್ತಬೇಕಾದದ್ದು ತಂತಿ ಹೇಳಿದಂತೆ. ಇರಾಕಿನ ಮಕ್ಕಳ ಬಗೆಗಿನ ಉತ್ತರವನ್ನು ನಾನೂ ಸಮರ್ಥಿಸುವುದಿಲ್ಲ. ಅಲ್ಲಿ ಯಾವ ತಂತಿಯೂ ಇರಲಿಲ್ಲ.

ಆದರೆ ಇದೇ ಮನುಷ್ಯಳು 1999ರಲ್ಲಿ ಕೊಸೊವೊ ವಿಷಯದಲ್ಲಿ ತನ್ನ ಸರ್ಕಾರವನ್ನೇ ಹಟ ಹಿಡಿದು ಎಳೆದವಳು. ಸರ್ಬಿಯಾದ ಪಡೆಗಳಿಗೆ ಹೆದರಿ ಅಲ್ಲಿನ ಎಂಟು ಲಕ್ಷಕ್ಕೂ ಹೆಚ್ಚು ಅಲ್ಬೇನಿಯನ್ನರು ಗಡಿ ದಾಟಿ ಓಡಿದ ಆ ವಸಂತದಲ್ಲಿ 78 ದಿನ ನ್ಯಾಟೊ ಬಾಂಬು ಹಾಕಿತು. ಅದು ಸರಿಯೇ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಭದ್ರತಾ ಮಂಡಳಿಯ ಅನುಮತಿ ಇರಲಿಲ್ಲ, ಬಾಂಬು ಬಿದ್ದದ್ದು ಅವರು ಹೂಗುಚ್ಛ ಹಿಡಿದು ನಿಂತಿದ್ದ ಅದೇ ಬೆಲ್‌ಗ್ರೇಡಿನ ಮೇಲೆ. ಆದರೆ ಓಡಿಹೋದವರಲ್ಲಿ ಬಹುಪಾಲು ಜನ ಅದೇ ವರ್ಷ ಮನೆಗೆ ಮರಳಿದರು. ಊರು ಬಿಟ್ಟವರ ಪೈಕಿ ಎಷ್ಟು ಮಂದಿಗೆ ಈ ಭಾಗ್ಯ ಸಿಗುತ್ತದೆ, ತಂಗಿ, ನೀನೇ ಹೇಳು.

ನಾನು ಮೊದಲ ಬರಹದಲ್ಲಿ ಹೇಳದೆ ಉಳಿಸಿದ್ದು ಒಂದಿದೆ. ಅವರ ತಂದೆತಾಯಿ ಮೂಲತಃ ಯಹೂದಿಗಳು. 1941ರಲ್ಲಿ ಇಂಗ್ಲೆಂಡಿನಲ್ಲಿ ಮನೆಯವರೆಲ್ಲ ಕ್ಯಾಥೊಲಿಕರಾದರು, ಮಕ್ಕಳಿಗೆ ಹಿಂದಿನದನ್ನು ಹೇಳಲೇ ಇಲ್ಲ. ಅಜ್ಜ ಅಜ್ಜಿಯರು ಯುದ್ಧಕಾಲದಲ್ಲಿ ತೀರಿಹೋದರು ಎಂದಷ್ಟೇ ಅವರು ನಂಬಿದ್ದರು. 1997ರ ಆರಂಭದಲ್ಲಿ, ಹುದ್ದೆ ಏರಿದ ಬೆನ್ನಿಗೇ, ವಾಷಿಂಗ್ಟನ್ ಪೋಸ್ಟ್ ವರದಿಗಾರರೊಬ್ಬರು ದಾಖಲೆ ಹುಡುಕಿ ಬರೆದರು: ಮೂವರು ಅಜ್ಜ ಅಜ್ಜಿಯರು ನಾಜಿಗಳ ಕೈಯಲ್ಲಿ ಸತ್ತವರು. ಪ್ರಾಗ್‌ನ ಪಿಂಕಾಸ್ ಸಿನಗಾಗ್‌ನ ಗೋಡೆಗಳ ಮೇಲೆ ಹಾಗೆ ಸತ್ತ ಸುಮಾರು 80 ಸಾವಿರ ಜನರ ಹೆಸರುಗಳನ್ನು ಕೈಯಿಂದ ಬರೆದಿದ್ದಾರೆ. 1996ರಲ್ಲಿ ಹಿಲರಿ ಕ್ಲಿಂಟನ್ ಜೊತೆ ಅವರು ಅದೇ ಗೋಡೆಗಳ ಮುಂದೆ ನಿಂತಿದ್ದರು, ಅಲ್ಲಿ ತಮ್ಮವರ ಹೆಸರು ಹುಡುಕಬೇಕೆಂದು ಗೊತ್ತಿರಲಿಲ್ಲ. 1997ರ ಬೇಸಿಗೆಯಲ್ಲಿ ಮತ್ತೆ ಹೋಗಿ ಅಜ್ಜ ಅಜ್ಜಿಯರ ಹೆಸರು ಓದಿದರು. ಆಗ ಅವರಿಗೆ 60 ವರ್ಷ.

ನೋವು ಅನುಭವಿಸಿದವರು ದಯಾಮಯಿಗಳಾಗಬೇಕು ಎಂದು ನಾವು ಕೇಳುತ್ತೇವೆ. ಆ ನೋವಿನ ದೊಡ್ಡ ಪಾಲು ಅವರಿಗೆ ತಿಳಿಯದಂತೆ ಮುಚ್ಚಿಡಲಾಗಿತ್ತು. ಮಕ್ಕಳು ಸುಖವಾಗಿರಲಿ ಎಂದು ತಂದೆತಾಯಿ ಬಾಯಿ ಕಟ್ಟಿಕೊಂಡರು. ಇದು ಇರಾಕಿನ ಮಾತಿಗೆ ಸಮಜಾಯಿಷಿ ಅಲ್ಲ, ಸಾಹೇಬರೇ. ಆದರೆ ಮನೆಯ ಕಥೆಯನ್ನು ಮಕ್ಕಳಿಗೆ ಹೇಳದಿದ್ದರೆ ಅವರು ಎಷ್ಟು ಎತ್ತರಕ್ಕೆ ಹೋದರೂ ಅದನ್ನು ಜೊತೆಗೊಯ್ಯಲಾರರು.

ಗುಜ್ರಾಲ್ ಹೆಸರು ತಂದದ್ದಕ್ಕೆ ಋಣಿ. 1997ರ ನವೆಂಬರ್‌ನಲ್ಲಿ ಆಲ್‌ಬ್ರೈಟ್ ದೆಹಲಿಗೆ ಬಂದಾಗ ಪ್ರಧಾನಿಯಾಗಿದ್ದವರು ಗುಜ್ರಾಲರೇ. ಪ್ರಾಗ್ ಬಿಟ್ಟವಳು, ಝೇಲಂ ಬಿಟ್ಟವರು. ಇರಾಕಿನ ಬಿಕ್ಕಟ್ಟಿನಿಂದಾಗಿ ಆ ಭೇಟಿ ಮೊಟಕಾಯಿತು. ಮರುವರ್ಷ ಪೋಖ್ರಾನ್ ಆಯಿತು, ನಮ್ಮ ಮೇಲೂ ದಿಗ್ಬಂಧನ ಬಿತ್ತು.

ಅರ್ಗಾದವರ ಮಗಳು, ತೋಡೂರು:

ಅಕ್ಕೋರೇ, ಮನೆಯ ಕಥೆ ಹೇಳುವ ಮಾತು ನನಗೆ ನೇರವಾಗಿ ತಾಗಿತು. ನನ್ನ ಮಗನಿಗೆ ಬೇಲಿಯ ಆಚೆಗಿನ ಅರ್ಗಾ ಕೇವಲ ನೇವಿಯ ಜಾಗ. ಅಪ್ಪ ಬದುಕಿರುವಾಗ ಬರೆಸಿಟ್ಟುಕೊಂಡ ಮನೆಗಳ ಪಟ್ಟಿ ಇದೆ, ಯಾರ ಮನೆಯ ಪಕ್ಕ ಯಾರದು, ಬಾವಿ ಎಲ್ಲಿ, ಯಾವ ದೋಣಿ ಯಾರದು ಎಂದು. ಅದನ್ನು ಸ್ಪಷ್ಟ ಅಕ್ಷರದಲ್ಲಿ ನಕಲು ಮಾಡಿ ಜೊತೆಗೆ ನಕ್ಷೆಯನ್ನೂ ಬರೆಯುತ್ತೇನೆ. ಚೆಂಡಿಯಾ, ಬಿಣಗಾ ಕಡೆಯವರು ಯಾರಾದರೂ ಇಲ್ಲಿದ್ದರೆ ನಿಮ್ಮ ಕೇರಿಯದ್ದನ್ನು ಕಳಿಸಿ.

ಭಟ್ಕಳದಿಂದ ದುಬೈಗೆ:

ಆ ಗೋಡೆಯ ಸಂಗತಿ ನನಗೆ ತಿಳಿದಿರಲಿಲ್ಲ. ಮನಸ್ಸು ಕಲಕಿತು. ಆದರೂ ನನ್ನ ತೀರ್ಪು ಅಲ್ಲಿಯೇ ಇದೆ, ಅಕ್ಕೋರೇ. ತಮ್ಮವರ ಹೆಸರು ಗೋಡೆಯ ಮೇಲೆ ಓದಿದ ಆ ಬೇಸಿಗೆಯ ನಂತರವೂ ಅವರು ಮೂರೂವರೆ ವರ್ಷ ಅಧಿಕಾರದಲ್ಲಿದ್ದರು. ಇರಾಕಿನ ದಿಗ್ಬಂಧನ ಆ ಮೂರೂವರೆ ವರ್ಷವೂ ಮುಂದುವರಿಯಿತು.

ಮುಂಡಗೋಡ ಮಾಸ್ತರು:

ಅಕ್ಕೋರೇ, ಈ ಚರ್ಚೆಯನ್ನು ನಮ್ಮ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ಓದಿ ಹೇಳಬೇಕೆಂದಿದ್ದೇನೆ. ಭಟ್ಕಳದವರ ಆಕ್ಷೇಪವನ್ನೂ ಬಿಡದೆ ಹೇಳುತ್ತೇನೆ. ಶಿರಸಿಯ ತಮ್ಮ ಒಂದು ಶನಿವಾರ ಬಿಡುವು ಮಾಡಿಕೊಂಡು ಬಂದು ಪರೀಕ್ಷೆಯ ನಿಯಮಗಳನ್ನು, ಯಾರು ಬರೆಯಬಹುದು, ಯಾರಿಗೆ ಯಾವ ಕಾಗದ ಬೇಕು ಎಂಬುದನ್ನು ವಿವರಿಸಿದರೆ ಉಪಕಾರವಾಗುತ್ತದೆ.

ಶಿರಸಿ ಓದುಗ, ಶಿರಸಿ:

ಖಂಡಿತ ಬರುತ್ತೇನೆ, ಮಾಸ್ತರರೇ. ಪೌರತ್ವ ಕಾಯ್ದೆಯ ಮೂರನೆಯ ಸೆಕ್ಷನ್ ಮತ್ತು ಇತ್ತೀಚಿನ ಅಧಿಸೂಚನೆಯ ಪ್ರತಿ ಮಾಡಿಸಿ ತರುತ್ತೇನೆ. ಆ ವಾದ ಮಾಡಿದ ಹುಡುಗಿಯನ್ನೂ ಅವಳ ಅಜ್ಜನನ್ನೂ ತಪ್ಪದೆ ಕರೆಯಿರಿ.